ಅವ್ವ-ಅಪ್ಪನಿಗೆ ನಿಮ್ಮ ಶಾಲೆ ತೋರಿಸಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಥಾಯ್ಲೆಂಡಿಗೆ ಹೋಗಿ ಇಂಗ್ಲಿಷ್ ಕಲಿಸುವ, ಕಲಿಸಬೇಕೆನ್ನುವ ತಮ್ಮಂದಿರೇ, ತಂಗಿಯರೇ, ನಿಮಗೊಂದು ಮಾತು. ಅವ್ವ-ಅಪ್ಪನನ್ನು ಅಲ್ಲಿಗೆ ಕರೆಸಿಕೊಳ್ಳುವ ಆಸೆ ಇದ್ದರೆ ಮುಂದಕ್ಕೆ ಹಾಕಬೇಡಿ. ಅವರ ಮೊಣಕಾಲು ಗಟ್ಟಿ ಇರುವಾಗಲೇ ಕರೆಸಿ. ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ನಾಲ್ಕು ತಾಸು. ಸಿಂಧನೂರಿನಿಂದ ಬೆಂಗಳೂರಿಗೆ ಬಸ್ಸಿನ ದಾರಿಯೇ ಅದಕ್ಕಿಂತ ದೊಡ್ಡದು.

ರಜೆ ಬರಲಿ ಎಂದು ಕಾಯಬೇಡಿ. ಅಲ್ಲಿ ದೊಡ್ಡ ರಜೆ ಬೀಳುವುದು ಮಾರ್ಚ್ ನಡುವಿನಿಂದ, ಸುಡುಬಿಸಿಲಿನಲ್ಲಿ. ನಮ್ಮ ಎಡದಂಡೆ ಕಾಲುವೆಯ ಭತ್ತದ ರಾಶಿ ಮುಗಿಯುವ ಡಿಸೆಂಬರ್ ಹೊತ್ತಿಗೆ ಅಲ್ಲಿಯೂ ಹವೆ ತಂಪು, ಶಾಲೆಯೂ ನಡೆದಿರುತ್ತದೆ. ಆಗ ಕರೆಸಿ, ಮುಖ್ಯಸ್ಥರ ಒಪ್ಪಿಗೆ ಪಡೆದು ಒಂದು ದಿನ ತರಗತಿಗೆ ಕರೆದೊಯ್ಯಿರಿ. ಮಕ್ಕಳು ಎದ್ದುನಿಂತು ಕೈಮುಗಿದು ನಿಮಗೆ ವಂದಿಸುವುದನ್ನು ಅವರು ಕಣ್ಣಾರೆ ನೋಡಲಿ. ಫೀಸು ಹೊಂದಿಸಲು ಸಾಲ ಮಾಡಿದ ಅಪ್ಪನಿಗೆ ಅದಕ್ಕಿಂತ ದೊಡ್ಡ ಅರಮನೆ ತೋರಿಸಲಾರಿರಿ.

ಕೆಲವು ಮಾತು ಮೊದಲೇ ತಿಳಿಸಿ. ನಮ್ಮ ಹಿರಿಯರು ಮಕ್ಕಳ ತಲೆ ಮುಟ್ಟಿ ಹರಸುತ್ತಾರೆ. ಅಲ್ಲಿ ತಲೆ ಪವಿತ್ರ, ಪರರ ತಲೆ ಮುಟ್ಟುವುದು ಸಲ್ಲದು. ಗುಡಿಯಲ್ಲಿ ಬುದ್ಧನ ಕಡೆ ಕಾಲು ಚಾಚಿ ಕೂಡಬಾರದು. ಹೆಣ್ಣುಮಕ್ಕಳು ಭಿಕ್ಷುಗಳನ್ನು ಮುಟ್ಟಬಾರದು.

ಊಟದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬರೀ ಕಾಯಿಪಲ್ಲೆ ಎಂದು ಕೊಟ್ಟದ್ದರಲ್ಲೂ ಮೀನಿನ ರಸ ಬಿದ್ದಿರುತ್ತದೆ. ಶಾಕಾಹಾರಿಗಳಾದ ಅವ್ವ-ಅಪ್ಪನಿಗೆ ಅದು ತಿಳಿಯದೆ ಉಣಿಸುವುದು ತಪ್ಪು. ಹಳದಿ ಫಲಕದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಬಳಸುವುದಿಲ್ಲ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಬಂದರೆ ಬೇಡವೆನ್ನಬೇಡಿ. ಒಂದು ಒಲೆ ಅವ್ವನ ಕೈಗೆ ಬಿಟ್ಟುಕೊಡಿ. ಕೈಗೆ ಕೆಲಸವಿದ್ದರೆ ಪರದೇಶವೂ ಮನೆಯಾಗುತ್ತದೆ. ಬಿ.ಪಿ., ಶುಗರ್ ಮಾತ್ರೆ ಚೀಟಿ ಸಮೇತ ತರಲಿ, ಪ್ರಯಾಣ ವಿಮೆ ಮಾಡಿಸಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮೊದಲು ವಿಚಾರಿಸಿ.

ಅವರನ್ನು ಒಮ್ಮೆ ನಖೋನ್ ಪಥೋಮ್‌ನ ದೊಡ್ಡ ಸ್ತೂಪಕ್ಕೆ ಕರೆದೊಯ್ಯಿರಿ. ಅಶೋಕನ ಕಾಲದಲ್ಲಿ ಸೋಣ, ಉತ್ತರ ಎಂಬ ಭಿಕ್ಷುಗಳು ಸುವರ್ಣಭೂಮಿಗೆ ಧರ್ಮ ಒಯ್ದರೆಂದು ಬೌದ್ಧ ಪರಂಪರೆ ಹೇಳುತ್ತದೆ. ಆ ನೆಲ ಇದೇ ಎಂದು ಥಾಯ್ ಜನ ನಂಬುತ್ತಾರೆ. ಅದೇ ಅಶೋಕನ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರನ್ನೂ ಮೊದಲು ತೋರಿಸಿಕೊಟ್ಟ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಇದನ್ನು ನಿಮ್ಮ ತರಗತಿಯಲ್ಲೂ ಹೇಳಿ, ಅವ್ವ-ಅಪ್ಪನನ್ನು ಆ ಊರ ಕಡೆಯವರೆಂದು ಪರಿಚಯಿಸಿ. ಇಂಗ್ಲಿಷ್ ಬಾರದೆಂದು ಅವರನ್ನು ಹಿಂದಿನ ಬೆಂಚಿನಲ್ಲಿ ಕೂಡಿಸಬೇಡಿ. ಅವರು ಕನ್ನಡದಲ್ಲೇ ಮಾತಾಡಲಿ, ಮಕ್ಕಳಿಗೆ ನೀವು ಇಂಗ್ಲಿಷಿನಲ್ಲಿ ತಿಳಿಸಿ.

ನಾಲ್ಕು ದಿನದಲ್ಲಿ ಹತ್ತು ಊರು ಸುತ್ತಿಸಿ ದಣಿಸಬೇಡಿ. ನೀವು ಮಲಗುವ ಕೋಣೆ, ನಡೆಯುವ ದಾರಿ, ಜ್ವರ ಬಂದಾಗ ಗಂಜಿ ತಂದುಕೊಡುವ ನೆರೆಯವರು, ಇವನ್ನು ಅವರು ಕಂಡರೆ ಊರಿಗೆ ಹೋಗಿ ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ. ಹೆತ್ತವರಿಗೆ ಆ ನೆಮ್ಮದಿ ಕೊಡುವುದು ನಿಮ್ಮ ಕರ್ತವ್ಯ. ಈ ವರ್ಷವೇ ಅವರ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿ.