ಪಟ್ಟಣವೂ ಪುಣ್ಯಕ್ಷೇತ್ರವೂ

ಹೊಳೆಯು ಕಡಲನ್ನು ಸೇರುವೆಡೆಯಲ್ಲಿ ಪೇಟೆ ಬೆಳೆಯುವುದು ಸಹಜ. ಆ ಪೇಟೆಯೇ ಪುಣ್ಯಸ್ಥಳವೂ ಆಗುವುದು ಹೇಗೆಂಬುದು ವಿಚಾರಾರ್ಹ. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲ್ಲೂಕುಗಳಲ್ಲಿ ಕ್ರಮವಾಗಿ ಇರುವ ಬಾರಕೂರು, ಬಸರೂರು, ಕೊಲ್ಲೂರುಗಳು ಇದಕ್ಕೆ ಉತ್ತರವೀಯುತ್ತವೆ.

ಸೀತಾನದಿಯ ಬಳಿಯ ಬಾರಕೂರು ಆಳುಪರ ರಾಜಧಾನಿಯಾಗಿ, ಅನಂತರ ವಿಜಯನಗರದ ಅರಸರ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತಕೇಂದ್ರವಾಗಿ ಮೆರೆಯಿತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಇದನ್ನು ಫಾಕನೂರು ಎಂದು ಕರೆದು, ಹಾದುಹೋಗುವ ಹಡಗುಗಳು ಇಲ್ಲಿ ತಂಗಿ ಬಂದರಿನ ಕಾಣಿಕೆಯನ್ನು ಒಪ್ಪಿಸಬೇಕಾಗಿತ್ತೆಂದು ಬರೆದಿದ್ದಾನೆ. ವಾರಾಹಿಯ ದಡದ ಬಸರೂರಾದರೋ ಅಕ್ಕಿಯ ರಫ್ತಿಗೆ ಹೆಸರಾಗಿತ್ತು. ಹೋರ್ಮುಜ್, ಏಡನ್ನುಗಳ ಹಡಗುಗಳು ಅಕ್ಕಿಗಾಗಿ ಈ ಕರಾವಳಿಗೆ ಬರುತ್ತಿದ್ದುದನ್ನು 16ನೆಯ ಶತಮಾನದ ಪೋರ್ಚುಗೀಸ್ ಲೇಖಕ ಬಾರ್ಬೋಸನು ದಾಖಲಿಸಿದ್ದಾನೆ.

ಘಟ್ಟದ ಮೇಲಿನ ವರ್ತಕನೂ ಕಡಲಾಚೆಯ ವರ್ತಕನೂ ಪರಸ್ಪರ ಅಪರಿಚಿತರು. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಕೊಡುಕೊಳ್ಳುವ ಲೆಕ್ಕ ತಿಂಗಳುಗಟ್ಟಲೆ ಬಾಕಿ ನಿಲ್ಲುವುದು. ಇಂಥಲ್ಲಿ ನಂಬುಗೆಯೇ ಮೊದಲ ಬಂಡವಾಳ. ಆ ನಂಬುಗೆಗೆ ದೇವರೇ ಸಾಕ್ಷಿ. ಆದ್ದರಿಂದಲೇ ನಖರ, ಸೆಟ್ಟಿಕಾರ, ಹಂಜಮಾನ ಎಂಬ ವರ್ತಕಸಂಘಗಳ ಹೆಸರುಗಳು ಕರಾವಳಿಯ ಶಾಸನಗಳಲ್ಲಿ ದೊರೆಯುತ್ತವೆ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಟ್ಟಲೆಂಬ ಶಾಪಾಶಯವು, ಕೊಟ್ಟ ಮಾತಿಗೆ ಕಲ್ಲಿನಲ್ಲಿ ಹಾಕಿದ ಬೀಗವೆನ್ನಬಹುದು.

ಸೌಪರ್ಣಿಕೆಯ ದಡದ ಕೊಲ್ಲೂರಿನ ಬಗೆ ಬೇರೆ. ಅದು ಬಂದರಲ್ಲ, ಕೊಡಚಾದ್ರಿಯ ತಪ್ಪಲಿನಲ್ಲಿ ಘಟ್ಟವನ್ನೂ ಕರಾವಳಿಯನ್ನೂ ಬೆಸೆಯುವ ದಾರಿಯ ಊರು. 17ನೆಯ ಶತಮಾನದಲ್ಲಿ ಕೆಳದಿಯ ಅರಸರು ಬಿದನೂರನ್ನು ರಾಜಧಾನಿಯಾಗಿಸಿಕೊಂಡ ಮೇಲೆ ಈ ದಾರಿಯ ಮಹತ್ವ ಹೆಚ್ಚಿತು. ಹೇರೆತ್ತು ನಡೆದ ಹಾದಿಯಲ್ಲೇ ಮೂಕಾಂಬಿಕೆಯ ಯಾತ್ರಿಕನೂ ನಡೆದನು.

ಕಾಲವು ಈ ಊರುಗಳನ್ನು ಸಮನಾಗಿ ಕಾಣಲಿಲ್ಲ. 1665ರಲ್ಲಿ ಶಿವಾಜಿಯ ನೌಕಾಪಡೆ ಬಸರೂರನ್ನು ಸೂರೆಗೊಂಡಿತು. ಕ್ರಮೇಣ ವಹಿವಾಟು ಬೇರೆಡೆಗೆ ಸರಿಯಿತು. ಮಹಾಲಿಂಗೇಶ್ವರನ ಪೂಜೆ ಮಾತ್ರ ಇಂದಿಗೂ ನಡೆದಿದೆ. ಬಾರಕೂರಿನ ಕತ್ತಲೆ ಬಸದಿಯಾದರೋ ಸ್ಮಾರಕವಾಗಿ ಉಳಿದಿದೆ. ಎರಡೂ ದಾನದಿಂದ ಪೋಷಣೆ ಪಡೆದವೇ. ಒಂದರಲ್ಲಿ ದೀಪವಿದೆ, ಇನ್ನೊಂದರಲ್ಲಿಲ್ಲ.

ವರ್ತಕನು ಗಳಿಸಿದ್ದು ಅವನೊಡನೆ ಹೋಯಿತು. ಕೊಟ್ಟದ್ದು ಊರಿನಲ್ಲಿ ಉಳಿಯಿತು. ಆದರೆ ಕೊಟ್ಟದ್ದೂ ತಾನಾಗಿ ಉಳಿಯದು. ಕೊಡುವ ಕೈಗೆ ಸಮನಾಗಿ ಕಾಯುವ ಕೈಯೂ ಇದ್ದರೆ ಮಾತ್ರ ಪೇಟೆ ಅಳಿದ ಮೇಲೆಯೂ ಕ್ಷೇತ್ರವು ಬಾಳುತ್ತದೆ. ಈ ಮಾತು ದೇಗುಲಕ್ಕೆ ಸಲ್ಲುವಂತೆ ವಿದ್ಯಾಲಯಕ್ಕೂ ಸಲ್ಲುತ್ತದೆ.