ಬಾಣಂತಿಗೆ ಒಮ್ಮೆಲೇ ಉಸಿರು ಕಟ್ಟಿದರೆ

ಹೆರಿಗೆ ಸುಸೂತ್ರವಾಯಿತು, ತಾಯಿ-ಮಗು ತವರುಮನೆ ಸೇರಿದರು ಎಂದು ಎಲ್ಲರೂ ನಿಶ್ಚಿಂತರಾಗಿರುವಾಗಲೇ ಕೆಲವೊಮ್ಮೆ ಬಾಣಂತಿಗೆ ಒಮ್ಮೆಲೇ ಉಸಿರು ಸಾಲದಂತಾಗುತ್ತದೆ. ‘ಥಂಡಿ ಆಗಿದೆ’, ‘ವಾಯು ಹಿಡಿದಿದೆ’ ಎಂದು ಮನೆಯವರು ಕಷಾಯ ಕುಡಿಸಿ ಎದೆಗೆ ಶಾಖ ಕೊಡುತ್ತಾ ಕೂರುತ್ತಾರೆ. ಹೀಗೆ ಕಳೆದ ಒಂದೆರಡು ತಾಸು ಪ್ರಾಣಕ್ಕೆ ಎರವಾಗಬಹುದು. ಏಕೆಂದರೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡಾಗಲೂ ಹೀಗೇ ಆಗುತ್ತದೆ. ವೈದ್ಯರು ಇದಕ್ಕೆ ಪಲ್ಮನರಿ ಎಂಬೋಲಿಸಂ ಎನ್ನುತ್ತಾರೆ.

ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಬಂದಿರುತ್ತದೆ. ಬೆಳೆದ ಗರ್ಭಕೋಶವು ಹೊಟ್ಟೆಯೊಳಗಿನ ರಕ್ತನಾಳಗಳನ್ನು ಒತ್ತುವುದರಿಂದ ಕಾಲಿನ ರಕ್ತ ಮೇಲೇರುವುದೂ ನಿಧಾನ. ಹೀಗಾಗಿ ಕಾಲಿನಲ್ಲಿ, ಅದರಲ್ಲೂ ಎಡಗಾಲಿನಲ್ಲಿ, ಗಡ್ಡೆ ಕಟ್ಟಬಹುದು. ಅದು ಕಳಚಿದರೆ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಹೆರಿಗೆಯ ನಂತರದ 6 ವಾರಗಳಲ್ಲಿ ಈ ಅಪಾಯ ಹೆಚ್ಚು. ಸಿಸೇರಿಯನ್ ಆದವರು, ದಪ್ಪ ಮೈಯವರು, ಹಿಂದೆ ಹೀಗೆ ಆಗಿದ್ದವರು ಇನ್ನಷ್ಟು ಎಚ್ಚರದಿಂದಿರಬೇಕು.

ನಮ್ಮ ಕಡೆ ಬಾಣಂತಿಯನ್ನು ವಾರಗಟ್ಟಲೆ ಹೊರಸಿನಿಂದ ಇಳಿಯಗೊಡುವುದಿಲ್ಲ, ನೀರನ್ನೂ ಅಳೆದು ಕೊಡುತ್ತಾರೆ. ಹಿರಿಯರ ಕಾಳಜಿ ದೊಡ್ಡದು, ಆದರೆ ಈ ಎರಡು ಪದ್ಧತಿಗಳು ರಕ್ತ ಹೆಪ್ಪುಗಟ್ಟುವುದಕ್ಕೆ ಅನುಕೂಲ ಮಾಡಿಕೊಡುತ್ತವೆ. ಬಾಯಾರಿದಷ್ಟು ನೀರು ಕುಡಿಯಲಿ, ವೈದ್ಯರು ಹೇಳಿದ ದಿನದಿಂದಲೇ ಮನೆಯೊಳಗೆ ಓಡಾಡಲಿ. ಒಂದೇ ಕಾಲು ಬಾತು, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅಂದೇ ಆಸ್ಪತ್ರೆಗೆ ತೋರಿಸಿ.

ಹಠಾತ್ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಹ ನೋವು, ಕೆಮ್ಮಿದಾಗ ರಕ್ತ, ಎದೆ ಬಡಿತ, ತಲೆ ತಿರುಗಿ ಬೀಳುವುದು: ಇವುಗಳಲ್ಲಿ ಒಂದೇ ಕಂಡರೂ 108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಒರಗಿಸಿ ಕೂರಿಸಿ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಎಡಮಗ್ಗುಲಾಗಿ ಮಲಗಿಸಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.

ಆಸ್ಪತ್ರೆಯಲ್ಲಿ ಮೊದಲು ಆಮ್ಲಜನಕ ಕೊಡುತ್ತಾರೆ. ಸಂಶಯ ಬಲವಾಗಿದ್ದರೆ ಪರೀಕ್ಷೆಗಳ ವರದಿಗೆ ಕಾಯದೆ ಹೆಪಾರಿನ್ ಚುಚ್ಚುಮದ್ದು ಆರಂಭಿಸುತ್ತಾರೆ. ಗಡ್ಡೆ ಬೆಳೆಯದಂತೆ ತಡೆಯುವ ಈ ಔಷಧ ಹೊಟ್ಟೆಯಲ್ಲಿರುವ ಮಗುವಿಗೆ ತಲುಪುವುದಿಲ್ಲ. ನಂತರ ಇಸಿಜಿ, ಎದೆಯ ಎಕ್ಸ್-ರೇ, ಕಾಲಿನ ಡಾಪ್ಲರ್ ಸ್ಕ್ಯಾನ್, ಬೇಕಾದರೆ ಎದೆಯ ಸಿ.ಟಿ. ಮಾಡಿಸುತ್ತಾರೆ. ಗರ್ಭಿಣಿಗೆ ಸಿ.ಟಿ. ಎಂದೊಡನೆ ಮನೆಯವರು ಹಿಂಜರಿಯುವುದುಂಟು. ಎದೆಯ ಸಿ.ಟಿ.ಯಿಂದ ಗರ್ಭದ ಮಗುವಿಗೆ ತಲುಪುವ ವಿಕಿರಣ ಬಹಳ ಅಲ್ಪ. ರೋಗ ಗೊತ್ತಾಗದೆ ಉಳಿದರೆ ತಾಯಿ-ಮಗು ಇಬ್ಬರಿಗೂ ಆಗುವ ಹಾನಿಯೇ ದೊಡ್ಡದು.

ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಿದ್ದರೆ ಗಡ್ಡೆಯನ್ನೇ ಕರಗಿಸುವ ಔಷಧ ಕೊಡಬೇಕಾಗುತ್ತದೆ. ಹೊಸದಾಗಿ ಹೆರಿಗೆ ಅಥವಾ ಆಪರೇಷನ್ ಆದವರಲ್ಲಿ ಇದರಿಂದ ತೀವ್ರ ರಕ್ತಸ್ರಾವ ಆಗಬಹುದು. ಆಗ ಕೊಳವೆ ಹಾಕಿಯೋ ಶಸ್ತ್ರಚಿಕಿತ್ಸೆಯಿಂದಲೋ ಗಡ್ಡೆ ತೆಗೆಯುವ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ಅಂಥ ಹೊತ್ತಿನಲ್ಲಿ ವೈದ್ಯರು ಸಹಿ ಕೇಳಿದರೆ ಗಾಬರಿಯಾಗದೆ ವಿಷಯ ಕೇಳಿ ತಿಳಿದು, ಬೇಗ ತೀರ್ಮಾನ ಹೇಳಿ.

ಚುಚ್ಚುಮದ್ದು ಸಾಮಾನ್ಯವಾಗಿ ಗರ್ಭಾವಸ್ಥೆ ಮುಗಿಯುವವರೆಗೂ ನಡೆಯುತ್ತದೆ. ನೋವು ಆರಂಭವಾಯಿತೆನಿಸಿದರೆ ಮುಂದಿನ ಡೋಸ್ ಚುಚ್ಚಿಕೊಳ್ಳದೆ ಆಸ್ಪತ್ರೆಗೆ ಬನ್ನಿ. ಹೆರಿಗೆಯ ನಂತರವೂ ಕನಿಷ್ಠ 6 ವಾರ, ಎಲ್ಲಾ ಸೇರಿ ಕನಿಷ್ಠ 3 ತಿಂಗಳು ಚಿಕಿತ್ಸೆ ಬೇಕು. ವಾರ್ಫರಿನ್ ಮಾತ್ರೆ ಗರ್ಭದ ಮಗುವಿಗೆ ಹಾನಿಕರ, ಆದರೆ ಹೆರಿಗೆಯಾದ ಮೇಲೆ ಅದನ್ನು ನುಂಗುತ್ತಾ ಮೊಲೆಹಾಲು ಕುಡಿಸಬಹುದು. ಹೆಪಾರಿನ್‌ಗೂ ಇದೇ ಮಾತು. ಮುಂದೆ ಗರ್ಭನಿರೋಧಕ ಮಾತ್ರೆ ಕೇಳುವಾಗ, ಮತ್ತೆ ಗರ್ಭಿಣಿಯಾದಾಗ, ಮೊದಲ ಭೇಟಿಯಲ್ಲೇ ಈ ಹಳೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ.