ಇಂದಿನ ಧಮ್ಮ ಚಿಂತನೆ: ಗೂಡಿನೊಳಗಿನ ಹುಳು



ಕಳೆದ ಭಾನುವಾರ ಪಂಚಶೀಲದ ಮೊದಲ ಶೀಲವನ್ನು ಓದುತ್ತಿದ್ದೆವು. ಹನೂರು ಕಡೆಯಿಂದ ಬರುವ ಅಕ್ಕ ಒಬ್ಬರು, ಯಾವತ್ತೂ ಬಾಯಿಬಿಡದವರು, ಕೇಳಿಯೇಬಿಟ್ಟರು: "ಅಣ್ಣಾ, ನಾವು ರೇಷ್ಮೆ ಹುಳ ಸಾಕೋರು. ಗೂಡ ಬೇಯಿಸ್ತಾರಲ್ಲ, ಒಳಗಿರೋ ಹುಳ ಸತ್ತೋಯ್ತದೆ. ಅಂಗಾದ್ರೆ ನಾನು ದಿನಾ ಶೀಲ ಹೇಳೋದು ಸುಳ್ಳಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಏನೋ ಒಂದು ಹೇಳಿ ಪುಟ ತಿರುಗಿಸಬಹುದಿತ್ತು. ಓದಿಸುವವರಿಗೆ ಆ ಚಾಳಿ ಇದ್ದದ್ದೇ. ಪ್ರಶ್ನೆಯನ್ನು ಎಲ್ಲರ ಮುಂದಿಟ್ಟೆ.

ಕೊಳ್ಳೇಗಾಲದಲ್ಲಿ ನೂಲು ಬಿಚ್ಚುವ ಕೆಲಸ ಮಾಡಿದ್ದ ಹಿರಿಯರು ಹೇಳಿದರು: ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ, ಅದಕ್ಕೇ ಮೊದಲೇ ಬೇಯಿಸುವುದು. ಯಳಂದೂರಿನ ಕಾಲೇಜು ಹುಡುಗಿ 'ಬುದ್ಧ ಮತ್ತು ಅವನ ಧಮ್ಮ' ತೆರೆದಳು. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ. ಅಹಿಂಸೆ ಒಂದು ತತ್ವ, ಕಟ್ಟುನಿಟ್ಟಿನ ನಿಯಮವಲ್ಲ ಎಂದು ಬಾಬಾಸಾಹೇಬರು ಅಲ್ಲಿ ಬಿಡಿಸಿ ಹೇಳಿದ್ದಾರೆ.

"ರೇಷ್ಮೆ ಸೀರೆ ಯಾವ ಅಗತ್ಯ?" ಎಂದು ಒಬ್ಬ ತಮ್ಮ ನಕ್ಕ. ಅಕ್ಕನ ಮುಖ ಸಣ್ಣದಾಯಿತು. ಚೀಲ ಎತ್ತಿಕೊಂಡರು.

ಆಗ ನೆನಪಾದದ್ದು ನಾಗಸೇನರು. ಚರ್ಚೆಗೆ ಕರೆದ ಮಿಲಿಂದ ರಾಜನಿಗೆ ಅವರು ಹಾಕಿದ ಷರತ್ತು ಇದು: ಪಂಡಿತರಂತೆ ಮಾತಾಡುವುದಾದರೆ ಬರುತ್ತೇನೆ, ರಾಜರಂತೆ ಆದರೆ ಇಲ್ಲ. ಪಂಡಿತರು ತಪ್ಪು ತೋರಿಸಿದರೆ ಒಪ್ಪುತ್ತಾರೆ, ಸಿಟ್ಟಾಗುವುದಿಲ್ಲ. ರಾಜರು ಎದುರು ಹೇಳಿದವನಿಗೆ ದಂಡ ವಿಧಿಸುತ್ತಾರೆ. ಬಾಬಾಸಾಹೇಬರು 1950ರಲ್ಲಿ ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಇರುವುದು ಇದೇ ಮಿಲಿಂದನ ಹೆಸರು. ನಾಲ್ಕು ಪುಸ್ತಕ ಓದಿದ ಕೂಡಲೇ ನಾವೂ ಸಣ್ಣ ರಾಜರಾಗುತ್ತೇವೆ. ಆ ನಗು ದಂಡವೇ ಆಗಿತ್ತು. ತಮ್ಮ ಕ್ಷಮೆ ಕೇಳಿದ.

ಅಕ್ಕ ಕೂತರು. "ಸೀರೆ ಉಡೋರಿಗೆ ಅಗತ್ಯ ಇಲ್ದೆ ಇರಬೋದು. ನನಗೆ ಅನ್ನ ಅಗತ್ಯ" ಎಂದರು. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಹುಳುವಿನ ಸಾವಿನ ಲೆಕ್ಕ ಸಾಕುವವರ ತಲೆಗೆ ಮಾತ್ರವೇ? ಉಡುವವರಿಗೆ ಪಾಲಿಲ್ಲವೇ? ಇದನ್ನು ನಮ್ಮಲ್ಲಿ ಯಾರೂ ಮನೆಯಿಂದ ತಂದಿರಲಿಲ್ಲ. ಅಕ್ಕನ ಮಾತಿಲ್ಲದೆ ಪುಸ್ತಕದಿಂದ ಇದು ಹುಟ್ಟುತ್ತಿರಲಿಲ್ಲ. ಪುಸ್ತಕ ಇಲ್ಲದೆ 'ಅಗತ್ಯ' ಎಂಬ ಪದ ಅಕ್ಕನಿಗೆ ಸಿಗುತ್ತಿರಲಿಲ್ಲ.

ಕೊನೆಗೆ ಆ ತಮ್ಮನೇ ಮೊಬೈಲಿನಲ್ಲಿ ಹುಡುಕಿ ಎರಿ ರೇಷ್ಮೆಯ ವಿಷಯ ಹೇಳಿದ. ಹರಳೆಲೆ ತಿನ್ನುವ ಹುಳು. ಚಿಟ್ಟೆ ಹಾರಿಹೋದ ಮೇಲೂ ಆ ಗೂಡಿನಿಂದ ನೂಲಬಹುದು. ಅಸ್ಸಾಮಿನಲ್ಲಿ ಹೆಚ್ಚು. ಅದರಿಂದ ಇಲ್ಲಿ ಹೊಟ್ಟೆ ತುಂಬುತ್ತದೆಯೇ? ಬರುವ ಭಾನುವಾರ ಅಕ್ಕ ತಮ್ಮ ಒಂದು ಬೆಳೆಯ ಖರ್ಚು-ಆದಾಯದ ಚೀಟಿ ತರುತ್ತಾರೆ. ಹುಳು ಸಾಕುವ ಬೇರೆಯವರೂ ತನ್ನಿ.

ಭವತು ಸಬ್ಬ ಮಂಗಲಂ.